ಜೆಮ್‌ನ 'ವುಮನಿಯಾ': ಕೊಡಗಿನ ಹೆಣ್ಣುಮಕ್ಕಳ ಸಣ್ಣ ಉದ್ಯಮಕ್ಕೆ ನಿಜವಾಗಿ ಸಿಗುವುದೇನು?

ಸರ್ಕಾರಿ ಕಚೇರಿಗಳು ಕಾಗದದಿಂದ ಕಂಪ್ಯೂಟರ್‌ವರೆಗೆ, ಕಸ ಗುಡಿಸುವ ಸೇವೆಯಿಂದ ಕಾರು ಬಾಡಿಗೆವರೆಗೆ ಕೊಳ್ಳುವ ಆನ್‌ಲೈನ್ ಸಂತೆ ಜೆಮ್. 2016ರ ಆಗಸ್ಟ್‌ನಲ್ಲಿ ಶುರುವಾದ ಈ ಸಂತೆಯೊಳಗೆ ಮಹಿಳೆಯರ ಉದ್ಯಮಗಳಿಗೆಂದೇ 2019ರ ಜನವರಿಯಲ್ಲಿ ತೆರೆದ ಅಂಗಳದ ಹೆಸರು ವುಮನಿಯಾ. ಮಡಿಕೇರಿಯಲ್ಲಿ ಕಾಫಿ ಪುಡಿ ಮಾಡುವವರು, ಗೋಣಿಕೊಪ್ಪದಲ್ಲಿ ಸಮವಸ್ತ್ರ ಹೊಲಿಯುವವರು, ಕುಶಾಲನಗರದಲ್ಲಿ ಕೇಟರಿಂಗ್ ನಡೆಸುವವರು ಎಲ್ಲರಿಗೂ ಬರುವ ಪ್ರಶ್ನೆ ಒಂದೇ: ಇದರಲ್ಲಿ ಸೇರಿದರೆ ಕೆಲಸ ಸಿಗುತ್ತದೆಯೇ?

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ವಂತವಾಗಿ ತಯಾರಿಸುವ ಅಥವಾ ಸ್ವಂತವಾಗಿ ಸೇವೆ ಕೊಡುವ ಮಹಿಳೆಗೆ ಜೆಮ್ ಐದಕ್ಕೆ ನಾಲ್ಕು ಅಂಕದ ಸೇವೆ. ಬೇರೆಯವರ ಸರಕು ತಂದು ಮಾರುವವರಿಗೆ ಐದಕ್ಕೆ ಎರಡು. ವುಮನಿಯಾ ಪುಟದಲ್ಲಿ ಹೆಸರು ಕಾಣಿಸಿಕೊಂಡ ಮಾತ್ರಕ್ಕೆ ಯಾರೂ ಆರ್ಡರ್ ಕೊಡುವುದಿಲ್ಲ. ಅನುಕೂಲ ಅಡಗಿರುವುದು ಸಣ್ಣ ಉದ್ಯಮಗಳಿಗೆ ಕೇಂದ್ರ ಕೊಡುವ ಉದ್ಯಮ್ ಪ್ರಮಾಣಪತ್ರದ ಒಂದೆರಡು ಸಾಲಿನಲ್ಲಿ ಮತ್ತು ಬಿಡ್, ಅಂದರೆ ಆನ್‌ಲೈನ್ ಟೆಂಡರ್, ದಾಖಲೆಯ ಮೊದಲ ಎರಡು ಪುಟಗಳಲ್ಲಿ. ಅಲ್ಲಿ ಎಚ್ಚರ ತಪ್ಪಿದರೆ ಮಹಿಳಾ ಉದ್ಯಮ ಅನ್ನುವ ಗುರುತು ಇದ್ದೂ ಇಲ್ಲದಂತೆಯೇ.

ಮಹಿಳೆಯರ ಉದ್ಯಮಗಳಿಗೆ ಶೇ 3ರ ಮೀಸಲು ಇದೆ ಅನ್ನುವ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಹೆಚ್ಚಿನ ತಪ್ಪು ಗ್ರಹಿಕೆ ಇಲ್ಲೇ. 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ ಕೇಂದ್ರದ ಸಚಿವಾಲಯಗಳು, ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯ ಒಂದು ಪಾಲನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದಲೇ ಮಾಡಬೇಕು. 2018ರಲ್ಲಿ ಆ ಪಾಲನ್ನು ಶೇ 20ರಿಂದ 25ಕ್ಕೆ ಏರಿಸಿದರು, ಅದರೊಳಗೆ ಶೇ 3 ಮಹಿಳೆಯರ ಉದ್ಯಮಗಳಿಗೆ, ಶೇ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ. ಇದು ಖರೀದಿದಾರರ ವರ್ಷದ ಗುರಿ. ನೀವು ಹಾಕಿದ ಒಂದು ಬಿಡ್‌ನಲ್ಲಿ ಮಹಿಳೆ ಅನ್ನುವ ಕಾರಣಕ್ಕೆ ಬೆಲೆಯಲ್ಲಿ ಶೇ 3 ರಿಯಾಯಿತಿ ಸಿಗುವುದಿಲ್ಲ. ಬಿಡ್‌ನಲ್ಲಿ ಕೈಗೆ ಸಿಗುವುದು ಕಿರು ಅಥವಾ ಸಣ್ಣ ಉದ್ಯಮ ಅನ್ನುವ ಕಾರಣಕ್ಕೆ ಬರುವ ಸವಲತ್ತುಗಳು. ಇಎಂಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟಬೇಕಿಲ್ಲ, ಟೆಂಡರ್ ದಾಖಲೆ ಉಚಿತ, ಅತಿ ಕಡಿಮೆ ಬೆಲೆಗೆ ಹೊಂದಿಕೊಂಡು ಪಾಲು ಪಡೆಯುವ ಅವಕಾಶ, ಕೆಲವೊಮ್ಮೆ ಅನುಭವ ಮತ್ತು ವಹಿವಾಟಿನ ಷರತ್ತಿನಿಂದ ವಿನಾಯಿತಿ.

ಇನ್ನೊಂದು ಮಾತು: ಈ ನೀತಿ ಕೇಂದ್ರದವರಿಗೆ ಮಾತ್ರ ಬಾಧ್ಯ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಕಚೇರಿ, ಮಡಿಕೇರಿಯ ವೈದ್ಯಕೀಯ ಕಾಲೇಜು ಇವೆಲ್ಲ ರಾಜ್ಯದವು, 1999ರ ಕರ್ನಾಟಕ ಪಾರದರ್ಶಕ ಕಾಯ್ದೆಯಡಿ ಕೆಪಿಪಿಪಿ ಪೋರ್ಟಲ್‌ನಲ್ಲಿ ಟೆಂಡರ್ ಕರೆಯುತ್ತವೆ. ಹಾಗಾದರೆ ಕೊಡಗಿನಲ್ಲಿ ಕೇಂದ್ರದ ಗಿರಾಕಿ ಯಾರು? ಎಣಿಸಿದರೆ ಕಡಿಮೆಯೇನಿಲ್ಲ. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯ ವಿದ್ಯಾಲಯ, ಮಡಿಕೇರಿಯ ಕೇಂದ್ರೀಯ ವಿದ್ಯಾಲಯ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಮತ್ತು ತೋಟಗಾರಿಕಾ ಪ್ರಯೋಗ ಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಕೇಂದ್ರ, ಅಂಚೆ ಇಲಾಖೆ, ಬಿಎಸ್‌ಎನ್‌ಎಲ್, ಆಕಾಶವಾಣಿ. ವಸತಿ ಶಾಲೆ ಇದ್ದ ಕಡೆ ಊಟದ ಸಾಮಾನು, ಹಾಸಿಗೆ ಹೊದಿಕೆ, ಸಮವಸ್ತ್ರ, ಬಟ್ಟೆ ಒಗೆಯುವ ಕೆಲಸ, ಸ್ವಚ್ಛತೆ ಎಲ್ಲವೂ ಬೇಕು. ಮೈಸೂರು, ಬೆಂಗಳೂರಿನ ದೊಡ್ಡ ಸಂಸ್ಥೆಗಳ ಬಿಡ್‌ಗೆ ಕೈ ಹಾಕುವ ಮೊದಲು ಈ ಹತ್ತಿರದ ಗಿರಾಕಿಗಳ ಬಿಡ್‌ಗಳನ್ನು ಮೂರು ತಿಂಗಳು ಸುಮ್ಮನೆ ಓದುತ್ತಾ ಹೋಗುವುದು ಉತ್ತಮ. ಬಿಡ್ ಹುಡುಕಿ ಓದುವುದಕ್ಕೆ ಲಾಗಿನ್ ಕೂಡ ಬೇಕಿಲ್ಲ.

ಈಗ ಕಾಗದದ ಕೆಲಸಕ್ಕೆ ಬರೋಣ. ಎಲ್ಲದರ ಬುಡ ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿದೆ, ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಸರ್ಕಾರಿ ತಾಣದಂತೆಯೇ ಕಾಣುವ, ಸಾವಿರ ಎರಡು ಸಾವಿರ ಕೇಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲು ಬರುತ್ತವೆ. ವಿಳಾಸ 'gov.in' ಎಂದು ಮುಗಿಯುವುದನ್ನು ನೋಡಿಯೇ ಮುಂದುವರಿಯಿರಿ. ಮಹಿಳಾ ಉದ್ಯಮ ಅನಿಸಿಕೊಳ್ಳಲು ಒಬ್ಬರೇ ನಡೆಸುವುದಾದರೆ ಮಾಲೀಕರು ಮಹಿಳೆಯಾಗಿರಬೇಕು, ಪಾಲುದಾರಿಕೆ ಅಥವಾ ಪ್ರೈವೇಟ್ ಲಿಮಿಟೆಡ್ ಆದರೆ ಕನಿಷ್ಠ ಶೇ 51 ಪಾಲು ಮಹಿಳೆಯರದ್ದಾಗಿರಬೇಕು. ಗಂಡ ಹೆಂಡತಿ ಸಮಪಾಲು ಅಂದರೆ ಶೇ 50. ಅದು ಲೆಕ್ಕಕ್ಕೆ ಬರುವುದಿಲ್ಲ. ಪಾಲುದಾರಿಕೆ ಪತ್ರವನ್ನು ತಿದ್ದಿ ನೋಂದಾಯಿಸಿದ ಮೇಲೆಯೇ ಮುಂದಿನ ಹೆಜ್ಜೆ.

ಕೊಡಗಿನಲ್ಲಿ ಅರ್ಜಿ ಸಿಕ್ಕಿಬೀಳುವ ಮೊದಲ ಜಾಗ ಹೆಸರು. ಕೊಡವ ಮಹಿಳೆಯ ಹೆಸರಿನ ಮುಂದೆ ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ, ಮದುವೆಗೆ ಮುಂಚೆ ತವರಿನದು, ಆಮೇಲೆ ಗಂಡನ ಮನೆಯದು. ಅರೆಭಾಷೆ ಗೌಡರ ಮನೆತನದ ಹೆಸರಿನದ್ದೂ ಇದೇ ಕಥೆ. ಆಧಾರ್‌ನಲ್ಲಿ ಒಕ್ಕದ ಹೆಸರು ಒಂದಕ್ಷರದ ಇನಿಷಿಯಲ್, ಪ್ಯಾನ್‌ನಲ್ಲಿ ಇನಿಷಿಯಲ್ ಒಪ್ಪದ ಕಾರಣ ಪೂರ್ತಿ ಬಿಡಿಸಿದ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೂ ತವರಿನ ಒಕ್ಕ. ಮನುಷ್ಯರಿಗೆ ಇದು ಒಬ್ಬರೇ ಎಂದು ಗೊತ್ತಾಗುತ್ತದೆ. ಕಂಪ್ಯೂಟರ್‌ಗೆ ಮೂವರು. ಉದ್ಯಮ್‌ಗೆ ಕೂರುವ ಮೊದಲು ಆಧಾರ್ ತಿದ್ದಿಸಿ, ಅದರಂತೆ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ. ಈ ಸರದಿ ತಲೆಕೆಳಗಾದರೆ ಎಲ್ಲವನ್ನೂ ಎರಡು ಸಲ ಮಾಡಬೇಕಾಗುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಗಂಡನದ್ದೋ ಮಗನದ್ದೋ ಆಗಿದ್ದರೆ ಅದನ್ನೂ ಈಗಲೇ ಬದಲಿಸಿ. ಓಟಿಪಿ ಯಾರ ಫೋನಿಗೆ ಬರುತ್ತದೋ ವ್ಯವಹಾರ ಕೊನೆಗೆ ಅವರ ಕೈಗೇ ಹೋಗುತ್ತದೆ. ಹೆಂಡತಿಯ ಹೆಸರಿನಲ್ಲಿ ಪ್ರಮಾಣಪತ್ರ, ಗಂಡನ ಕೈಯಲ್ಲಿ ಪಾಸ್‌ವರ್ಡ್ ಅನ್ನುವ ಏರ್ಪಾಡಿನಿಂದ ನೋವಾಗುವುದು ನಿಜವಾಗಿ ದುಡಿಯುವ ಹೆಣ್ಣುಮಕ್ಕಳಿಗೆ. ಅವರಿಗೆಂದು ಇಟ್ಟ ಪಾಲು ಹಾಗೆಯೇ ಸೋರಿಹೋಗುತ್ತದೆ.

ಎರಡನೆಯದು ಎನ್‌ಐಸಿ ಸಂಕೇತ, ಅಂದರೆ ನಿಮ್ಮ ಕಸುಬಿನ ಐದಂಕಿಯ ಸಂಖ್ಯೆ. ಇದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಇಡೀ ಅರ್ಜಿಯ ಜೀವ ಇದರಲ್ಲಿದೆ. ಕಾಫಿ ಹುರಿದು ಪುಡಿ ಮಾಡುವುದಕ್ಕೆ 10792. ಬಟ್ಟೆ ತಯಾರಿಕೆಗೆ 14101, ಅಳತೆ ತೆಗೆದು ಹೊಲಿಯುವ ಟೈಲರಿಂಗ್‌ಗೆ 14105. ಕಟ್ಟಡಗಳ ಸ್ವಚ್ಛತೆಗೆ 81210. 45, 46, 47ರಿಂದ ಶುರುವಾಗುವ ಸಂಕೇತಗಳು ವ್ಯಾಪಾರದವು. ವ್ಯಾಪಾರಿಗಳಿಗೂ 2021ರಿಂದ ಉದ್ಯಮ್ ಕೊಡುತ್ತಾರೆ, ಆದರೆ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಖರೀದಿ ನೀತಿಯ ಯಾವ ಸವಲತ್ತೂ ಅದಕ್ಕಿಲ್ಲ. ಅಂಗಡಿಯೂ ಇದೆ, ಹಿಂದೆ ಗಿರಣಿಯೂ ಇದೆ ಅನ್ನುವವರು ಅವಸರದಲ್ಲಿ ಚಿಲ್ಲರೆ ವ್ಯಾಪಾರ ಎಂದು ಬರೆಸಿ, ಆಮೇಲೆ ಇಎಂಡಿ ವಿನಾಯಿತಿ ಕೇಳಿದಾಗ ತಿರಸ್ಕೃತರಾಗುತ್ತಾರೆ. ತಯಾರಿಕೆಯ ಸಂಕೇತ ಮೊದಲು ಬರಲಿ, ವಿದ್ಯುತ್ ಬಿಲ್ಲು ಮತ್ತು ಯಂತ್ರದ ಬಿಲ್ಲು ಕಡತದಲ್ಲಿರಲಿ. ಕಿರು ಉದ್ಯಮದ ಮಿತಿ 2025ರ ಏಪ್ರಿಲ್‌ನಿಂದ ಯಂತ್ರೋಪಕರಣದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿವರೆಗೆ. ಕೊಡಗಿನ ಹೆಚ್ಚಿನ ಘಟಕಗಳು ಅದರೊಳಗೇ ಬರುತ್ತವೆ.

ಜೆಮ್ ನೋಂದಣಿ ಇದರ ನಂತರ ಸುಲಭ. ಹಿಂದೆ ಕಾಷನ್ ಮನಿ ಅಂತ ಠೇವಣಿ ಇಡಬೇಕಿತ್ತು, 2025ರಲ್ಲಿ ಅದನ್ನು ತೆಗೆದರು. 10 ಲಕ್ಷ ರೂಪಾಯಿವರೆಗಿನ ಆರ್ಡರ್‌ಗೆ ವಹಿವಾಟು ಶುಲ್ಕ ಇಲ್ಲ, ಅದರ ಮೇಲೆ 10 ಕೋಟಿವರೆಗೆ ಶೇ 0.30. ಸಣ್ಣ ಘಟಕಕ್ಕೆ ಇದು ನಿಜಕ್ಕೂ ದೊಡ್ಡ ಉಪಕಾರ. ಖಾಸಗಿ ಆನ್‌ಲೈನ್ ಅಂಗಡಿಗಳಲ್ಲಿ ಮಾರಿ ಕಮಿಷನ್ ಕೊಟ್ಟವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಕ್ಯಾಟಲಾಗ್‌ನಲ್ಲಿ ಆಗುವ ತಪ್ಪು ಬೇರೆಯದು. ಕಾಫಿ ಪುಡಿಯನ್ನೇ ತೆಗೆದುಕೊಳ್ಳಿ. ಚಿಕೋರಿ ಬೆರೆಸಿದ್ದರೆ ಕಾಫಿಯ ಪಾಲು ತೂಕದಲ್ಲಿ ಕನಿಷ್ಠ ಶೇ 51 ಇರಲೇಬೇಕು, ಎರಡರ ಪ್ರಮಾಣವನ್ನೂ ಲೇಬಲ್‌ನಲ್ಲಿ ಬರೆಯಬೇಕು. ಜೆಮ್‌ನಲ್ಲಿ ಪ್ರತಿ ಸರಕಿಗೂ ಕೆಲವು ಗೋಲ್ಡನ್ ಪ್ಯಾರಾಮೀಟರ್‌ಗಳು, ಅಂದರೆ ಸರಕಿನ ಮುಖ್ಯ ಲಕ್ಷಣಗಳು, ಇರುತ್ತವೆ. ಅಲ್ಲಿ ನೀವು ಆಯ್ದ ಮಿಶ್ರಣ, ಪೊಟ್ಟಣದ ತೂಕ ಮತ್ತು ಬಿಡ್ ಕೇಳಿದ್ದು ಒಂದೇ ಆಗಿರಬೇಕು. 500 ಗ್ರಾಂ ಕೇಳಿದಲ್ಲಿ ಒಂದು ಕೆಜಿ ಪೊಟ್ಟಣ ತೋರಿಸಿದರೆ ಪುಡಿ ಎಷ್ಟೇ ಘಮ್ಮೆಂದರೂ ತಾಂತ್ರಿಕ ಹಂತದಲ್ಲೇ ಹೊರಗೆ. ಲೇಬಲ್‌ನಲ್ಲಿ ಆಹಾರ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ಗ್ರಾಹಕರ ದೂರಿನ ಸಂಪರ್ಕ ಇವಿಷ್ಟೂ ಫೋಟೋದಲ್ಲಿ ಓದುವಂತೆ ಕಾಣಬೇಕು. ಉತ್ಪನ್ನ ಯಾವ ದೇಶದ್ದು ಅನ್ನುವ ಅಂಕಣ ಕಡ್ಡಾಯ.

ಇಲ್ಲಿಂದ ಮುಂದಿನದು ಮುಖ್ಯ: ಬಿಡ್ ದಾಖಲೆಯನ್ನು ಓದುವುದು. ಎಡಗಡೆ ವಿಷಯ, ಬಲಗಡೆ ಉತ್ತರ ಇರುವ ಒಂದು ಪಟ್ಟಿಯಿಂದ ಅದು ಶುರುವಾಗುತ್ತದೆ. ಹೆಚ್ಚಿನವರು ಮುಕ್ತಾಯದ ದಿನಾಂಕ ಮತ್ತು ಪ್ರಮಾಣ ನೋಡಿ ಕೆಳಗಿಳಿಯುತ್ತಾರೆ. ನಿಲ್ಲಬೇಕಾದ ಸಾಲು ಬೇರೆ ಇವೆ. 'ಎಂಎಸ್‌ಇಗೆ (ಕಿರು ಮತ್ತು ಸಣ್ಣ ಉದ್ಯಮಕ್ಕೆ) ಅನುಭವ ಮತ್ತು ವಹಿವಾಟಿನ ವಿನಾಯಿತಿ' ಅನ್ನುವ ಸಾಲಿನ ಮುಂದೆ ಯೆಸ್ ಇದೆಯೇ ನೋ ಇದೆಯೇ ನೋಡಿ. ಈ ವಿನಾಯಿತಿ ಖರೀದಿದಾರರ ಇಷ್ಟಕ್ಕೆ ಬಿಟ್ಟದ್ದು. ನೋ ಅಂತಿದ್ದು, ಮೂರು ವರ್ಷದ ಸರಾಸರಿ ವಹಿವಾಟು ನಿಮ್ಮದಕ್ಕಿಂತ ಹೆಚ್ಚು ಕೇಳಿದ್ದರೆ ಆ ಬಿಡ್ ಬಿಟ್ಟು ಮುಂದೆ ಹೋಗಿ. ಆಮೇಲೆ 'ಎಂಎಸ್‌ಇ ಖರೀದಿ ಆದ್ಯತೆ' ಸಾಲು. ಆಮೇಲೆ 'ಬಿಡ್ ಟು ಆರ್‌ಎ', ಅಂದರೆ ಬೆಲೆ ತೆರೆದ ಮೇಲೆ ಇಳಿಸುವ ಹರಾಜು ಇದೆಯೇ ಇಲ್ಲವೇ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಣ್ಣ ಸಾಲು: ತಾಂತ್ರಿಕ ಸ್ಪಷ್ಟನೆಗೆ ಕೊಡುವ ಸಮಯ. ಸಾಮಾನ್ಯವಾಗಿ ಎರಡು ದಿನ. ದಾಖಲೆಯಲ್ಲಿ ಏನೋ ಅಸ್ಪಷ್ಟ ಎಂದು ಖರೀದಿದಾರರು ಕೇಳಿದರೆ ಉತ್ತರಿಸಲು ಇರುವುದು ಅಷ್ಟೇ. ಜೂನ್ ಜುಲೈನಲ್ಲಿ ಭಾಗಮಂಡಲ, ನಾಪೋಕ್ಲು, ಮಾದಾಪುರದ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು, ಟವರ್ ಕೂಡ ಅದರ ಹಿಂದೆಯೇ ಹೋಗುತ್ತದೆ. ಗೆಲ್ಲಬಹುದಾದ ಬಿಡ್ ಒಂದು ಇಮೇಲ್ ನೋಡದ ಕಾರಣಕ್ಕೆ ಕೈತಪ್ಪುವುದು ಹೀಗೆ. ಬಿಡ್ ತೆರೆದ ಮೇಲಿನ ವಾರಗಳಲ್ಲಿ ದಿನಕ್ಕೆರಡು ಸಲ ಲಾಗಿನ್ ಆಗುವ ವ್ಯವಸ್ಥೆ ಇರಲಿ. ಊರಿನಲ್ಲಿ ನೆಟ್ ಇಲ್ಲದಿದ್ದರೆ ಪಟ್ಟಣದಲ್ಲಿರುವ, ನಂಬಿಕೆಯ ಒಬ್ಬರನ್ನು ಸೆಕೆಂಡರಿ ಯೂಸರ್ ಮಾಡಿ ಅವರದೇ ಪ್ರತ್ಯೇಕ ಲಾಗಿನ್ ಕೊಡಿ. ನಿಮ್ಮ ಪಾಸ್‌ವರ್ಡ್ ಯಾವ ಏಜೆಂಟರಿಗೂ ಬೇಡ. ತಿರಸ್ಕಾರವಾದರೂ ಕಾರಣ ಪೋರ್ಟಲ್‌ನಲ್ಲೇ ಇರುತ್ತದೆ, ಆಕ್ಷೇಪ ಸಲ್ಲಿಸಲು 48 ಗಂಟೆ ಸಿಗುತ್ತದೆ.

ಕೊನೆಯ ಪುಟಗಳಲ್ಲಿ ಎಟಿಸಿ, ಅಂದರೆ ಖರೀದಿದಾರರು ಸೇರಿಸಿದ ಹೆಚ್ಚುವರಿ ಷರತ್ತುಗಳು. ಮಾದರಿ ಮೊದಲು ತಲುಪಿಸಬೇಕು, ಪ್ರಯೋಗಾಲಯದ ವರದಿ ಬೇಕು, ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬೇಕು ಅನ್ನುವುದೆಲ್ಲ ಇಲ್ಲಿ ಅಡಗಿ ಕೂತಿರುತ್ತದೆ. ಇದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಪೆನ್ನು ಹಿಡಿದು, ಒಂದೊಂದೇ ದಾಖಲೆಗೆ ಗುರುತು ಹಾಕುತ್ತಾ ಓದುವುದೇ ಸರಿ. ಇಎಂಡಿ ವಿನಾಯಿತಿಯನ್ನು ಬಿಡ್ ಹಾಕುವಾಗ ನೀವೇ ಆಯ್ದು ಉದ್ಯಮ್ ಪ್ರತಿ ಸೇರಿಸಬೇಕು. ಹಾಗೆಯೇ ನೆನಪಿಡಿ, ಇಎಂಡಿಗೆ ವಿನಾಯಿತಿ ಇದೆ, ಗೆದ್ದ ಮೇಲೆ ಕೊಡುವ ಪರ್ಫಾರ್ಮೆನ್ಸ್ ಗ್ಯಾರಂಟಿಗೆ ಇಲ್ಲ. ಆರ್ಡರ್ ಮೊತ್ತದ ಶೇ 3ರಿಂದ 5ರಷ್ಟು ಹಣ ಬ್ಯಾಂಕಿನಲ್ಲಿ ಕಟ್ಟಿಹಾಕಬೇಕಾಗಬಹುದು.

ಬೆಲೆ ಆದ್ಯತೆಯ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. 400 ಕೆಜಿಯ ಬಿಡ್. ಅತಿ ಕಡಿಮೆ ಹೇಳಿದ ಎಲ್1 ದೊಡ್ಡ ಕಂಪನಿ, ಕೆಜಿಗೆ 600 ರೂ. ನೀವು 680. ಎಲ್1ರ 600ಕ್ಕೆ ಶೇ 15 ಸೇರಿಸಿದರೆ 690, ನೀವು ಅದರೊಳಗೆ ಇದ್ದೀರಿ. ಆಗ ನಿಮಗೆ ಒಟ್ಟು ಪ್ರಮಾಣದ ಶೇ 25, ಅಂದರೆ 100 ಕೆಜಿ ಪೂರೈಸುವ ಅವಕಾಶ ಬರುತ್ತದೆ. ಆದರೆ 680ಕ್ಕೆ ಅಲ್ಲ, 600ಕ್ಕೆ. ಆ ಬೆಲೆಗೆ ನಷ್ಟವಾಗುವುದಾದರೆ ಒಪ್ಪಬೇಡಿ. ಎಲ್1 ಆದವರೇ ಕಿರು ಅಥವಾ ಸಣ್ಣ ಉದ್ಯಮವಾಗಿದ್ದರೆ ಈ ಅವಕಾಶವೇ ಇಲ್ಲ. ಪಾಲು ಮಾಡಲಾಗದ ಆರ್ಡರ್ ಆಗಿದ್ದರೆ ಪೂರ್ತಿಯಾಗಿ ನಿಮಗೇ ಬರಬಹುದು. ಹಾಗಾಗಿ ಬಿಡ್ ಹಾಕುವ ದಿನವೇ ಎರಡು ಬೆಲೆ ಬರೆದಿಟ್ಟುಕೊಳ್ಳಿ: ಕೇಳುವ ಬೆಲೆ, ಇಳಿಯಬಹುದಾದ ಕೊನೆಯ ಬೆಲೆ. ಆರ್‌ಎ ಇರುವ ಬಿಡ್‌ನಲ್ಲಿ ಆಮೇಲೆ ಇಳಿಸೋಣ ಎಂದು ಮೊದಲು ಹೆಚ್ಚು ಹೇಳುವುದು ಅಪಾಯ. ಅತಿ ಹೆಚ್ಚು ಬೆಲೆ ಹೇಳಿದವರನ್ನು ಹರಾಜಿಗೆ ಮುಂಚೆಯೇ ಕೈಬಿಡುವ ನಿಯಮವಿದೆ.

ಜೆಮ್‌ನಲ್ಲಿ ಹೇಳುವ ಬೆಲೆ ತೆರಿಗೆ, ಸಾಗಣೆ, ಇಳಿಸುವ ಕೂಲಿ ಎಲ್ಲ ಸೇರಿದ್ದು. ಕೊಡಗಿನಲ್ಲಿ ರೈಲು ನಿಲ್ದಾಣ ಇಲ್ಲ, ದೂರಕ್ಕೆ ಕಳಿಸುವುದೆಲ್ಲ ರಸ್ತೆಯಲ್ಲಿ, ಹೆಚ್ಚಾಗಿ ಮೈಸೂರಿನ ಮೂಲಕ. ಮಳೆಗಾಲದಲ್ಲಿ ಸಂಪಾಜೆ ಘಾಟಿ ಬಂದ್ ಆದರೆ ಮಂಗಳೂರಿನ ಕಡೆಯ ಸರಕು ಸುತ್ತು ಹೊಡೆಯಬೇಕು. ತಡವಾದರೆ ವಾರಕ್ಕೆ ಶೇ 0.5ರಂತೆ ದಂಡ, ಗರಿಷ್ಠ ಶೇ 10. ಒಂದು ದಿನ ತಡವಾದರೂ ವಾರದ ಲೆಕ್ಕವೇ. ರಸ್ತೆ ಮುಚ್ಚಿದ್ದರೆ ಜಿಲ್ಲಾಡಳಿತದ ಆದೇಶದ ಪ್ರತಿ ಸೇರಿಸಿ, ಗಡುವು ಮುಗಿಯುವ ಮೊದಲೇ ಪೋರ್ಟಲ್‌ನಲ್ಲಿ ವಿಸ್ತರಣೆ ಕೇಳಿ. ಮುಗಿದ ಮೇಲೆ ಕೇಳಿದರೆ ಕೊಡುವ ಅಧಿಕಾರಿಗೂ ಕಷ್ಟ. ಜುಲೈನಲ್ಲಿ ಪುಡಿ ಮಾಡಿ ಗೋದಾಮಿನಲ್ಲಿಟ್ಟ ಕಾಫಿ ತೇವ ಹೀರಿ ಗಂಟು ಕಟ್ಟುತ್ತದೆ, ಹಾಗಾಗಿ ಆರ್ಡರ್ ಬಂದ ಮೇಲೆ ಹುರಿದು, ಆರಿಸಿ, ಅದೇ ದಿನ ಲ್ಯಾಮಿನೇಟೆಡ್ ಚೀಲಕ್ಕೆ ತುಂಬಿ ಸೀಲ್ ಮಾಡುವುದು ಒಳ್ಳೆಯದು.

ಹಣ ಬರುವ ದಾರಿ ಹೀಗೆ: ಜೆಮ್‌ನಲ್ಲೇ ಇನ್ವಾಯ್ಸ್, ಸರಕು ತಲುಪಿದ ಮೇಲೆ ತಾತ್ಕಾಲಿಕ ರಸೀದಿ, ಹತ್ತು ದಿನದೊಳಗೆ ಸರಕು ಒಪ್ಪಿದ ಸಿಆರ್‌ಎಸಿ ಪ್ರಮಾಣಪತ್ರ, ಅದಾಗಿ ಹತ್ತು ದಿನದೊಳಗೆ ಪಾವತಿ. ಕಾಗದದ ಮೇಲೆ ಚೆಂದದ ವ್ಯವಸ್ಥೆ. ಎಡವುವುದು ಸಿಆರ್‌ಎಸಿಯಲ್ಲಿ. ಸರಕು ಪಡೆದವರು ರಜೆ, ವರ್ಗಾವಣೆ, ಸಹಿ ಮಾಡುವವರು ಬೇರೆ. ಅದಕ್ಕೆ ಮದ್ದು ಡೆಲಿವರಿ ಚಲನ್‌ನ ಎರಡನೇ ಪ್ರತಿ. ಅದರಲ್ಲಿ ಸಹಿ, ಹೆಸರು, ಹುದ್ದೆ, ಮೊಹರು, ದಿನಾಂಕ ಐದೂ ಇರಬೇಕು. 'ತಲುಪಿದೆ' ಎಂದಷ್ಟೇ ಬರೆದ ಚೀಟಿ ಸಾಲದು. ಹನ್ನೊಂದನೇ ದಿನ ಪೋರ್ಟಲ್‌ನಲ್ಲಿ ಇನ್ಸಿಡೆಂಟ್ (ದೂರು) ದಾಖಲಿಸಿ, ಚಲನ್ ಪ್ರತಿ ಲಗತ್ತಿಸಿ.

ಅದಕ್ಕೂ ಬಗ್ಗದಿದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಇದೆ, ರಾಜ್ಯದ ಖರೀದಿದಾರರಿಗೂ ಖಾಸಗಿಯವರಿಗೂ ಅನ್ವಯ. ಒಪ್ಪಂದ ಏನೇ ಇರಲಿ 45 ದಿನಕ್ಕಿಂತ ಹೆಚ್ಚು ಬಾಕಿ ಇಡುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್‌ನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳ ಲೆಕ್ಕದಲ್ಲಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಅದು ಬಾಕಿಯ ವ್ಯಾಜ್ಯ ತೀರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತದೆ, ಅಲ್ಲಿನ ತೀರ್ಪನ್ನು ಪ್ರಶ್ನಿಸಬೇಕಾದರೆ ಖರೀದಿದಾರರು ಶೇ 75 ಹಣ ಮೊದಲು ಠೇವಣಿ ಇಡಬೇಕು. ಉದ್ಯಮ್ ನೋಂದಣಿಯ ದಿನಾಂಕ ಆರ್ಡರ್‌ಗಿಂತ ಮುಂಚಿನದಾಗಿರಲಿ. ಬಿಲ್ಲು ನಿಂತ ಮೇಲೆ ಓಡಿ ನೋಂದಾಯಿಸಿದರೆ ವಾದ ದುರ್ಬಲವಾಗುತ್ತದೆ. ಇನ್ನು 2.5 ಲಕ್ಷ ಮೀರಿದ ಒಪ್ಪಂದದಲ್ಲಿ ಜಿಎಸ್‌ಟಿಯ ಟಿಡಿಎಸ್ ಎಂದು ಶೇ 2 ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತಿದರೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಒತ್ತದೆ ಬಿಟ್ಟವರ ಹಣ ಅಲ್ಲೇ ಕೂತಿರುತ್ತದೆ.

ಸ್ವಚ್ಛತೆ, ಅಡುಗೆ ಸಹಾಯಕರಂತಹ ಮಾನವಸಂಪನ್ಮೂಲದ ಬಿಡ್‌ಗಳನ್ನು ಮೊದಲ ವರ್ಷ ಮುಟ್ಟದಿರುವುದೇ ಕ್ಷೇಮ. ಕನಿಷ್ಠ ಕೂಲಿಯ ಮೇಲೆ ಪಿಎಫ್‌ಗೆ ಮಾಲೀಕರ ಪಾಲು ಆಡಳಿತ ಶುಲ್ಕ ಮತ್ತು ವಿಮೆ ಸೇರಿ ಸುಮಾರು ಶೇ 13, ಇಎಸ್‌ಐಗೆ ಶೇ 3.25. ಕೆಲಸಗಾರರಿಗೆ ತಿಂಗಳ 7ರೊಳಗೆ ಸಂಬಳ ಹೋಗಬೇಕು, ನಿಮ್ಮ ಬಿಲ್ಲು ಆಮೇಲೆ. ಎರಡು ಮೂರು ತಿಂಗಳ ಸಂಬಳ ಕೈಯಲ್ಲಿಲ್ಲದೆ ಇಳಿದರೆ ಮೊದಲು ಕಷ್ಟಕ್ಕೆ ಬೀಳುವವರು ನಿಮ್ಮ ಹತ್ತಿರ ದುಡಿಯುವ ಹೆಣ್ಣುಮಕ್ಕಳೇ.

ಸ್ವಸಹಾಯ ಸಂಘಗಳಿಗೆ ಜೆಮ್‌ನಲ್ಲಿ ಸರಸ್ ಕಲೆಕ್ಷನ್ ಅನ್ನುವ ಬೇರೆ ಅಂಗಳ ಇದೆ, ಉದ್ಯಮ್‌ನಲ್ಲೂ ಸ್ವಸಹಾಯ ಸಂಘ ಎಂದು ನೋಂದಾಯಿಸಬಹುದು. ಸಂಘದ ಅಧ್ಯಕ್ಷೆ ಬದಲಾಗುವಾಗ ಜೆಮ್‌ನ ಮುಖ್ಯ ಬಳಕೆದಾರರ ಹೆಸರನ್ನೂ ಅದೇ ಸಭೆಯ ನಡಾವಳಿಯೊಂದಿಗೆ ಬದಲಿಸಿ. ಹಳೆಯ ಅಧ್ಯಕ್ಷೆಯ ಆಧಾರ್‌ಗೆ ಅಂಟಿಕೊಂಡ ಲಾಗಿನ್ ಆಮೇಲೆ ಯಾರಿಗೂ ಸಿಗುವುದಿಲ್ಲ.

ಕೆಪಿಪಿಪಿ ಬಗ್ಗೆ ಚುಟುಕಾಗಿ: ಅಲ್ಲಿ ಕ್ಲಾಸ್ 3 ಡಿಜಿಟಲ್ ಸಹಿ ಬೇಕು, ಸಹಿಯ ಪ್ರಮಾಣಪತ್ರದ ಜೊತೆಗೆ ಎನ್‌ಕ್ರಿಪ್ಷನ್ನಿನದೂ ಸೇರಿಸಿ ಕೊಳ್ಳಿ. ಕೇಂದ್ರದ ಶೇ 3 ಅಲ್ಲಿ ಇಲ್ಲ. ಹತ್ತಿರದ ಗಿರಾಕಿಗಳು ಹೆಚ್ಚು ಅನ್ನುವುದೇ ಅದರ ಬಲ. ಎರಡರಲ್ಲಿ ಮೊದಲು ಜೆಮ್, ಒಂದೆರಡು ಆರ್ಡರ್ ಮುಗಿಸಿದ ಅನುಭವದ ಪತ್ರ ಸಿಕ್ಕ ಮೇಲೆ ಕೆಪಿಪಿಪಿ.

ಕಾಲದ ಲೆಕ್ಕವೂ ಇದೆ. ಸರ್ಕಾರದ ಖರೀದಿ ಜನವರಿಯಿಂದ ಮಾರ್ಚ್‌ವರೆಗೆ ಜೋರು, ಅನುದಾನ ಮಾರ್ಚ್ 31ಕ್ಕೆ ಮುಗಿಯಬೇಕು. ಕೊಡಗಿನಲ್ಲಿ ಅದೇ ಕಾಫಿ ಕುಯ್ಲಿನ ಕಾಲ, ಯಾರಿಗೂ ಕೂತು ಅರ್ಜಿ ತುಂಬುವ ಪುರುಸೊತ್ತಿಲ್ಲ. ಆದ್ದರಿಂದ ಹೆಸರು ತಿದ್ದಿಸುವುದು, ಉದ್ಯಮ್, ಜೆಮ್ ನೋಂದಣಿ ಇವನ್ನು ಮಳೆ ಹಿಡಿದ ಕಕ್ಕಡ ತಿಂಗಳಲ್ಲೇ (ಜುಲೈ, ಆಗಸ್ಟ್) ಶುರುಮಾಡಿ, ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಬಂದ ಮೇಲೆ ಕ್ಯಾಟಲಾಗ್‌ನ ಫೋಟೋ ತೆಗೆಯಿರಿ. ನವೆಂಬರ್, ಡಿಸೆಂಬರ್‌ನ ಪುತ್ತರಿ ಹಬ್ಬದ ಹೊತ್ತಿಗೆ ಸರಕು ಪೋರ್ಟಲ್‌ನಲ್ಲಿ ಕಾಣುತ್ತಿರಲಿ.